ಕುರ್ಚಿ ಗೆದ್ದ ಕವಿ

ವೆಲ್ಶ್ ಭಾಷೆಯಲ್ಲಿ ‘ಕಾಡೈರ್’ ಎಂದರೆ ಕುರ್ಚಿ. ಲ್ಯಾಟಿನ್ನಿನ ‘ಕಥೆಡ್ರಾ’ ಇದರ ಮೂಲ. ಹಸುವಿನ ಕೆಚ್ಚಲಿಗೂ ಇದೇ ಪದ ಸಲ್ಲುತ್ತದೆ. ಆದರೆ ವೇಲ್ಸ್‌ನಲ್ಲಿ ಈ ಪದಕ್ಕೆ ಮರ್ಯಾದೆ ತಂದುಕೊಟ್ಟವರು ಕವಿಗಳು.

ಹತ್ತನೇ ಶತಮಾನದ ದೊರೆ ಹವೆಲ್ ದಾ ಎಂಬವನ ಹೆಸರಿನಲ್ಲಿ ಉಳಿದುಬಂದ ಕಾನೂನು ಗ್ರಂಥಗಳು ಇಬ್ಬರು ಕವಿಗಳನ್ನು ಹೇಳುತ್ತವೆ. ‘ಬಾರ್ಧ್ ತೆಯ್ಲಿ’ ದೊರೆಯ ಪಡೆಯ ಕವಿ, ಅರಮನೆಯ 24 ಅಧಿಕಾರಿಗಳಲ್ಲೊಬ್ಬ. ‘ಪೆನ್‌ಕೆರ್ಧ್’ ಹಿರಿಯ ಕವಿ. ಸ್ಪರ್ಧೆಯಲ್ಲಿ ಕಾಡೈರ್ ಗೆದ್ದವನು. ಸಭೆಯಲ್ಲಿ ಮೊದಲು ಹಾಡುವುದು ಇವನೇ: ಒಂದು ದೇವರ ಮೇಲೆ, ಇನ್ನೊಂದು ದೊರೆಯ ಮೇಲೆ. ರಾಣಿ ತನ್ನ ಕೋಣೆಯಲ್ಲಿ ಹಾಡು ಕೇಳಬಯಸಿದರೆ ಪಡೆಯ ಕವಿ ಅಲ್ಲಿಗೆ ಹೋಗಿ, ಸಭೆಗೆ ತೊಂದರೆಯಾಗದಂತೆ ಮೆಲುದನಿಯಲ್ಲಿ ಹಾಡಬೇಕು. ಹಾಡಿನ ದನಿ ಎಷ್ಟಿರಬೇಕೆಂದೂ ಯೋಚಿಸಿದ ಆ ಕಾನೂನುಕಾರರ ಮೇಲೆ ನನಗೆ ತುಂಬ ಪ್ರೀತಿ.

1176ರ ಕ್ರಿಸ್‌ಮಸ್‌ಗೆ ದಕ್ಷಿಣದ ದೊರೆ ರೀಸ್ ಆಪ್ ಗ್ರಿಫಿಧ್ ಕಾರ್ಡಿಗನ್ ಕೋಟೆಯಲ್ಲಿ ದೊಡ್ಡ ಕೂಟ ನಡೆಸಿದ. ಒಂದು ವರ್ಷ ಮೊದಲೇ ವೇಲ್ಸ್, ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್‌ಗಳಲ್ಲಿ ಸುದ್ದಿ ಸಾರಿಸಿದ್ದ. ಬಹುಮಾನ ಎರಡು ಕುರ್ಚಿಗಳು: ಕವಿಗಳಿಗೊಂದು, ವಾದ್ಯಗಾರರಿಗೊಂದು. ವಾದನದಲ್ಲಿ ರೀಸನ ಆಸ್ಥಾನದ ಯುವಕನೇ ಗೆದ್ದ. ಕಾವ್ಯದ ಕುರ್ಚಿ ಮಾತ್ರ ಉತ್ತರದ ಗ್ವಿನೆಧ್‌ನವರ ಪಾಲಾಯಿತು. ಹಬ್ಬ ಮಾಡಿದವನ ಮನೆಯಿಂದಲೇ ಎದುರು ಸೀಮೆಯವರು ಕುರ್ಚಿ ಹೊತ್ತು ಹೋದರಲ್ಲ, ಅಲ್ಲೇ ಆ ಸ್ಪರ್ಧೆಯ ಘನತೆ ಕಾಣುತ್ತದೆ.

1282ರಲ್ಲಿ ವೇಲ್ಸ್‌ನ ದೊರೆ ಲ್ಯುವೆಲಿನ್ ಆಪ್ ಗ್ರಿಫಿಧ್ ಹತನಾದ. ದೊರೆಗಳ ಕಾಲ ಮುಗಿಯಿತು. ಕವಿಗಳು ‘ಉಚೆಲ್‌ವಿರ್’ ಎಂಬ ಊರ ಸಿರಿವಂತ ಮನೆತನಗಳ ಬಾಗಿಲಿಗೆ ನಡೆದರು. ಕುರ್ಚಿಯೂ ಜೊತೆಗೆ ಹೋಯಿತು. 1451ರ ಸುಮಾರಿಗೆ ಕಾರ್ಮಾರ್ಥನ್‌ನಲ್ಲಿ ದಾವಿಧ್ ಆಬ್ ಎಡ್ಮಂಡ್ ಗೆದ್ದದ್ದು ಬೆಳ್ಳಿಯ ಪುಟ್ಟ ಕುರ್ಚಿ. ಛಂದಸ್ಸಿನ ಕಟ್ಟುಗಳನ್ನು ಇನ್ನಷ್ಟು ಬಿಗಿ ಮಾಡಿದವನೂ ಅವನೇ.

ಇಂದಿನ ಐಸ್ಟೆಧ್‌ವೊಡ್ ಎಂಬ ಕಾವ್ಯ-ಸಂಗೀತ ಸ್ಪರ್ಧೆಗಳ ಉತ್ಸವದಲ್ಲೂ ಕುರ್ಚಿ ಸಿಗುವುದು ಹಳೆಯ ಕಟ್ಟುನಿಟ್ಟಿನ ಛಂದಸ್ಸಿನಲ್ಲಿ ಬರೆದ ಕಾವ್ಯಕ್ಕೆ. 1917ರಲ್ಲಿ ಗೆದ್ದ ಹೇಧ್ ವಿನ್, ಕುರಿ ಸಾಕುವ ಮನೆಯ ಹುಡುಗ, ಫಲಿತಾಂಶದ ಹೊತ್ತಿಗೆ ಯುದ್ಧದಲ್ಲಿ ಮಡಿದಿದ್ದ. ಕುರ್ಚಿಗೆ ಕಪ್ಪು ಬಟ್ಟೆ ಹೊದಿಸಿದರು, ಬೇರೆಯವರಿಗೆ ಕೊಡಲಿಲ್ಲ. ಯೋಗ್ಯ ಕಾವ್ಯ ಬಾರದಿದ್ದರೆ ಯಾರಿಗೂ ಕೊಡುವುದಿಲ್ಲ. 2013ರಲ್ಲಿ ಡೆನ್‌ಬಿಯಲ್ಲಿ ಹಾಗೇ ಆಯಿತು. ಮುಂದಿನ ವರ್ಷ ಕವಿಗಳು ಮತ್ತೆ ಬರೆದು ಕಳಿಸಿದರು.