ದಕ್ಷನು ಎಷ್ಟು ಸಲ ಹುಟ್ಟಿದನು? – ಪುರಾಣಗಳ ಕಾಲಕ್ರಮವನ್ನು ಕುರಿತು

ವೀರಭದ್ರನ ಕಥೆಯನ್ನು ಕೇಳದ ವೀರಶೈವನಿಲ್ಲ. ದಕ್ಷನ ಯಜ್ಞ, ದಾಕ್ಷಾಯಣಿಯ ದೇಹತ್ಯಾಗ, ಶಿವನ ಜಟೆಯಿಂದ ವೀರಭದ್ರನ ಉದ್ಭವ, ಯಜ್ಞಧ್ವಂಸ, ದಕ್ಷನಿಗೆ ಬಂದ ಕುರಿದಲೆ – ಇವೆಲ್ಲ ಪುರವಂತರ ಒಡಪುಗಳಲ್ಲಿ ಇಂದಿಗೂ ಕಣ್ಣಿಗೆ ಕಟ್ಟುತ್ತವೆ. ಆದರೆ ಇದು ನಡೆದುದು ಯಾವಾಗ ಎಂದು ಕೇಳಿದರೆ ಪುರಾಣಗಳು ಒಂದೇ ಉತ್ತರವನ್ನು ಕೊಡುವುದಿಲ್ಲ. ಪುರಾಣಗಳ ಕಾಲಕಲ್ಪನೆಯನ್ನು ಅರಿಯಲು ಈ ಒಂದು ಪ್ರಶ್ನೆಯೇ ಸಾಕಾದಷ್ಟು ಸಾಮಗ್ರಿಯನ್ನು ಒದಗಿಸುತ್ತದೆ.

ಭಾಗವತದ ನಾಲ್ಕನೆಯ ಸ್ಕಂಧದಂತೆ ಸತಿಯ ತಂದೆಯಾದ ದಕ್ಷನು ಬ್ರಹ್ಮನ ಮಗ. ಸ್ವಾಯಂಭುವ ಮನುವಿನ ಅಳಿಯ. ಎಂದರೆ ಕಥೆಯು ಮೊದಲನೆಯ ಮನ್ವಂತರಕ್ಕೆ ಸೇರಿದುದು. ಅದೇ ಗ್ರಂಥದಲ್ಲಿ ದಕ್ಷನು ಮತ್ತೆ ಪ್ರಚೇತಸರ ಮಗನಾಗಿ, ಮಾರಿಷೆಯ ಗರ್ಭದಲ್ಲಿ, ಆರನೆಯದಾದ ಚಾಕ್ಷುಷ ಮನ್ವಂತರದಲ್ಲಿ ಜನಿಸುತ್ತಾನೆ. ಶಿವದ್ರೋಹವೇ ಈ ಮರುಹುಟ್ಟಿಗೆ ಕಾರಣವೆಂದು ಹೇಳಿದೆ. ಮಹಾಭಾರತದ ಶಾಂತಿಪರ್ವವಾದರೋ ಯಜ್ಞಧ್ವಂಸವನ್ನು ಈ ಎರಡನೆಯ ದಕ್ಷನಿಗೆ, ಅದೂ ಏಳನೆಯದಾದ ವೈವಸ್ವತ ಮನ್ವಂತರದಲ್ಲಿ, ಆರೋಪಿಸುತ್ತದೆ. ಅಲ್ಲಿ ದೇವಿಯು ಅಗ್ನಿಗೆ ಆಹುತಿಯಾಗುವುದಿಲ್ಲ. ದೇವತೆಗಳೆಲ್ಲ ಹೋಗುವ ಯಜ್ಞಕ್ಕೆ ನೀನೇಕೆ ಹೋಗಲಿಲ್ಲವೆಂದು ಪತಿಯ ಬಳಿಯಲ್ಲಿಯೇ ನಿಂತು ಕೇಳುತ್ತಾಳೆ; ವೀರಭದ್ರನು ಹುಟ್ಟುವುದು ಜಟೆಯಿಂದಲ್ಲ, ಶಿವನ ಮುಖದಿಂದ.

ಈ ತೊಡಕು ಪ್ರಾಚೀನರ ಕಣ್ಣಿಗೆ ಬೀಳಲಿಲ್ಲವೆಂದು ಭಾವಿಸಬಾರದು. ವಿಷ್ಣುಪುರಾಣದಲ್ಲಿ ಮೈತ್ರೇಯನೇ ಇದನ್ನು ಎತ್ತುತ್ತಾನೆ. ಬ್ರಹ್ಮನ ಹೆಬ್ಬೆರಳಿನಿಂದ ಹುಟ್ಟಿದವನು ಪ್ರಚೇತಸರ ಮಗನಾದದ್ದು ಹೇಗೆ? ಸೋಮನಿಗೆ ದೌಹಿತ್ರನಾದವನು ಅದೇ ಸೋಮನಿಗೆ ಮಾವನೂ ಆದದ್ದು ಹೇಗೆ? ಪ್ರಶ್ನೆ ಒಳ್ಳೆಯ ವಿದ್ಯಾರ್ಥಿಯದು. ಪರಾಶರನ ಉತ್ತರದ ತಾತ್ಪರ್ಯವಿಷ್ಟು: ಉತ್ಪತ್ತಿ ನಿರೋಧಗಳು ಪ್ರಾಣಿಗಳಿಗೆ ನಿತ್ಯವಾದವು, ಯುಗಯುಗದಲ್ಲಿಯೂ ದಕ್ಷಾದಿಗಳು ಆಗುತ್ತಾರೆ, ಹೋಗುತ್ತಾರೆ, ಬಲ್ಲವನು ಇದರಲ್ಲಿ ಮೋಹಗೊಳ್ಳುವುದಿಲ್ಲ. 'ದಕ್ಷ' ಎಂಬುದು ಇಲ್ಲಿ ವ್ಯಕ್ತಿಯ ಹೆಸರಿಗಿಂತ ಪದವಿಯ ಹೆಸರಾಗಿ ನಿಲ್ಲುತ್ತದೆ. ಇಂದ್ರನೂ ಮನುವೂ ಹಾಗೆಯೇ.

ಇನ್ನು ಗಣಿತವನ್ನು ನೋಡೋಣ. ಒಂದು ಚತುರ್ಯುಗಕ್ಕೆ 43,20,000 ವರ್ಷ. ಅಂಥ 71 ಸೇರಿ ಒಂದು ಮನ್ವಂತರ, ಎಂದರೆ 30,67,20,000 ವರ್ಷ. ಹದಿನಾಲ್ಕು ಮನ್ವಂತರಗಳೂ ಅವುಗಳ ಸಂಧಿಕಾಲಗಳೂ ಕೂಡಿ ಸಾವಿರ ಚತುರ್ಯುಗಗಳ ಒಂದು ಕಲ್ಪ, ಅದು ಬ್ರಹ್ಮನ ಒಂದು ಹಗಲು. ಇದರಂತೆ ದಕ್ಷನ ಎರಡು ಜನ್ಮಗಳ ನಡುವೆ ನಾಲ್ಕು ಪೂರ್ಣ ಮನ್ವಂತರಗಳು, 122 ಕೋಟಿಗೂ ಮಿಕ್ಕ ವರ್ಷಗಳು ಕಳೆದಿರಬೇಕು. ಆದರೆ ಪ್ರಚೇತಸರು ಧ್ರುವನ ವಂಶದವರು. ಧ್ರುವನು ಸ್ವಾಯಂಭುವ ಮನುವಿನ ಮೊಮ್ಮಗ. ಧ್ರುವನಿಂದ ಎರಡನೆಯ ದಕ್ಷನವರೆಗೆ ವಂಶಾವಳಿಯನ್ನು ಎಣಿಸಿದರೆ ಇಪ್ಪತ್ತು ತಲೆಮಾರೂ ತುಂಬುವುದಿಲ್ಲ! ಸೂತರು ಕಾಪಾಡಿಕೊಂಡು ಬಂದ ವಂಶಾವಳಿ ಒಂದು ಪರಂಪರೆ, ಜ್ಯೋತಿಷಿಗಳ ಯುಗಗಣನೆ ಇನ್ನೊಂದು. ಇವೆರಡನ್ನೂ ಪುರಾಣಕಾರರು ಒಂದೇ ದಾರದಲ್ಲಿ ಪೋಣಿಸಿದರು, ಗಂಟು ಮಾತ್ರ ಕಾಣುತ್ತಲೇ ಉಳಿಯಿತು ಎಂಬುದು ನನ್ನ ಅಭಿಪ್ರಾಯ. ದಶಾವತಾರಗಳ ಕ್ರಮವೂ ಇಂತಹುದೇ. ಸಮುದ್ರಮಥನದಲ್ಲಿ ಅಸುರರ ನಾಯಕನಾದ ಬಲಿಯು ಪ್ರಹ್ಲಾದನ ಮೊಮ್ಮಗ. ಹಾಗಾದರೆ ಪಟ್ಟಿಯಲ್ಲಿ ಕೂರ್ಮನ ಅನಂತರ ಬರುವ ನರಸಿಂಹನು ಕೂರ್ಮನಿಗಿಂತ ಹಿಂದಿನವನಾಗಬೇಕಷ್ಟೆ.

ಇಂಥ ಕಡೆಗಳಲ್ಲೆಲ್ಲ 'ಕಲ್ಪಭೇದ' ಎಂದು ಹೇಳಿ ಮುಂದೆ ಸಾಗುವುದು ವ್ಯಾಖ್ಯಾನಕಾರರ ರೂಢಿ. ಆ ಸೂತ್ರವು ಪುರಾಣದ ಒಳಗಿನಿಂದಲೇ ಬಂದುದು, ಅದನ್ನು ಹಗುರವಾಗಿ ಕಾಣಬೇಕಾಗಿಲ್ಲ. ಆದರೆ ಪಾಠಭೇದಕ್ಕೂ ದೇಶಭೇದಕ್ಕೂ ಕವಿಯ ಸ್ವಾತಂತ್ರ್ಯಕ್ಕೂ ಅದನ್ನೇ ಮದ್ದಾಗಿ ಕೊಡುವ ಶಾಸ್ತ್ರಿಗಳು ವಿದ್ಯಾರ್ಥಿಗಳ ಬಾಯಿ ಮುಚ್ಚಿಸುತ್ತಾರೆ, ಸಂದೇಹವನ್ನು ಪರಿಹರಿಸುವುದಿಲ್ಲ.

ಚಕ್ರಾಕಾರದ ಈ ಕಾಲವು ಚರಿತ್ರೆಯ ನೇರ ಕಾಲವನ್ನು ಮುಟ್ಟುವ ಸ್ಥಳವೊಂದು ನಮ್ಮ ನಾಡಿನಲ್ಲಿಯೇ ಇದೆ. ಐಹೊಳೆಯ ಮೇಗುತಿ ದೇವಾಲಯದಲ್ಲಿ ರವಿಕೀರ್ತಿಯು ಬರೆದ ಇಮ್ಮಡಿ ಪುಲಕೇಶಿಯ ಪ್ರಶಸ್ತಿಯು ಭಾರತಯುದ್ಧವಾಗಿ 3735 ವರ್ಷ, ಶಕ 556 ಎಂದು ತನ್ನ ಕಾಲವನ್ನು ಗುರುತಿಸುತ್ತದೆ. ಅದು ಕ್ರಿ.ಶ. 634. ಲೆಕ್ಕ ಹಾಕಿದರೆ ಯುದ್ಧವು ಕ್ರಿ.ಪೂ. 3102ರ ಕಲ್ಯಾರಂಭದೊಡನೆಯೇ ಕೂಡುತ್ತದೆ. ಪುರಾಣಗಳಾದರೋ ಕೃಷ್ಣನು ತೆರಳಿದಂದು ಕಲಿಯು ಬಂದನೆನ್ನುತ್ತವೆ. ಮೌಸಲಪರ್ವದಂತೆ ಅದು ಯುದ್ಧವಾಗಿ 36 ವರ್ಷಗಳ ಮೇಲೆ. 1148ರಲ್ಲಿ ರಾಜತರಂಗಿಣಿಯನ್ನು ಆರಂಭಿಸಿದ ಕಲ್ಹಣನು ಪಾಂಡವರನ್ನು ಕಲಿಯ 653 ವರ್ಷಗಳು ಕಳೆದ ಮೇಲೆ ಇರಿಸುತ್ತಾನೆ.

ಹನ್ನೆರಡನೆಯ ಶತಮಾನದ ಶರಣರಿಗೆ ಈ ಯುಗ, ಮನ್ವಂತರಗಳ ಪರಿಚಯ ಚೆನ್ನಾಗಿಯೇ ಇತ್ತು. ಎಷ್ಟೋ ಬ್ರಹ್ಮರು, ಎಷ್ಟೋ ವಿಷ್ಣುಗಳು ಬಂದು ಅಳಿದರೆಂಬ ಪುರಾಣದ ಮಾತನ್ನೇ ಅವರು ಎತ್ತಿಕೊಂಡು, ಅಳಿಯುವವರ ಎಣಿಕೆಯಿಂದ ಅಳಿಯದ ಲಿಂಗದ ಕಡೆಗೆ ಬೆರಳು ತೋರಿದರು. ಅಲ್ಲಮಪ್ರಭುಗಳ ಒಂದು ವಚನದಲ್ಲಿ ನಾಲ್ಕು ಯುಗಗಳೂ ಕ್ರಮವಾಗಿ ಬರುತ್ತವೆ. ಗುರುವು ಕೃತಯುಗದಲ್ಲಿ ಶಿಷ್ಯನನ್ನು ಬಡಿದು ಬುದ್ಧಿ ಕಲಿಸುತ್ತಾನೆ, ತ್ರೇತೆಯಲ್ಲಿ ಬೈದು, ದ್ವಾಪರದಲ್ಲಿ ಗದರಿಸಿ; ಕಲಿಯುಗಕ್ಕೆ ಬಂದಾಗ ಶಿಷ್ಯನಿಗೇ ವಂದಿಸಿ ಕಲಿಸಬೇಕಾಗಿದೆ. ಯುಗಹ್ರಾಸದ ಪುರಾಣತತ್ತ್ವವು ಇಲ್ಲಿ ಲಕ್ಷ, ಕೋಟಿಗಳ ಹಂಗಿಲ್ಲದೆ, ಗುರುಶಿಷ್ಯರ ನಡುವಿನ ಒಂದು ಗೇಣು ಜಾಗದಲ್ಲಿ ನಡೆದುಹೋಗುತ್ತದೆ.