ಗೇಣಿ: ಹಿರೇಕೊಡಿಗೆಯಿಂದ ಒಂದು ನೋಟ

ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆ ಸಾಹಿತ್ಯ ವಿದ್ಯಾರ್ಥಿಗಳಿಗೆ ಪರಿಚಿತವಾಗಿರುವುದು ಕುವೆಂಪು ಅವರ ಜನ್ಮಸ್ಥಳವೆಂದು. 1904ರ ಡಿಸೆಂಬರ್ 29ರಂದು ಅವರು ಹುಟ್ಟಿದ್ದು ತಾಯಿಯ ತವರಾದ ಈ ಊರಿನಲ್ಲಿ. ಊರ ಹೆಸರಿನ ಉತ್ತರಪದ ಶಾಸನಗಳ ‘ಕೊಡಗೆ’ಯನ್ನು ನೆನಪಿಸುತ್ತದೆ. (ಧ್ವನಿಸಾಮ್ಯವೊಂದನ್ನೇ ನಂಬಿ ಸ್ಥಳನಾಮದ ವ್ಯುತ್ಪತ್ತಿ ಹೇಳುವ ಧೈರ್ಯ ನನಗಿಲ್ಲ.) ಕೆರೆ ಕಟ್ಟಿಸಿದವನಿಗೆ, ಅದನ್ನು ಕಾಪಾಡಿದವನಿಗೆ ಬಿಟ್ಟುಕೊಟ್ಟ ಭೂಮಿ ‘ಕಟ್ಟುಕೊಡಗೆ’. ಮೊದಲು ಹಣವನ್ನೋ ದುಡಿಮೆಯನ್ನೋ ಹೂಡಿದವನಿಗೆ ನೆಲದ ಫಲ ಸಲ್ಲಬೇಕೆಂಬ ಲೆಕ್ಕ ಅದರಲ್ಲಿ ಅಡಗಿದೆ.

ಗೇಣಿಯ ಚರಿತ್ರೆಯನ್ನು ಓದುವಾಗ ನಾವು ಮರೆಯುವುದು ಈ ಲೆಕ್ಕವನ್ನೇ. ಒಡೆಯನಿಗೆ ಒಕ್ಕಲು ಅಳೆಯುವ ಭತ್ತವೆಂಬ ಅರ್ಥದಲ್ಲೇ ನಿಂತುಬಿಡುತ್ತೇವೆ. ಆದರೆ ಹೂಡಿಕೆ ಯಾರದು, ಎಷ್ಟು ಕಾಲದ್ದು ಎಂಬುದನ್ನು ನಿರ್ಧರಿಸುತ್ತಿದ್ದುದು ಗೇಣಿಯ ಕರಾರು. ಘಟ್ಟದ ಕೆಳಗೆ ಪ್ರಸಿದ್ಧವಾಗಿದ್ದ ಮೂಲಗೇಣಿಯಲ್ಲಿ ಹಕ್ಕು ವಂಶಪಾರಂಪರ್ಯವಾದುದು, ಗೇಣಿ ಸ್ಥಿರವಾದುದು. ಚಾಲಗೇಣಿಯಲ್ಲಿ ಒಡೆಯ ಗೇಣಿಯನ್ನು ಏರಿಸಬಹುದಿತ್ತು, ಒಕ್ಕಲನ್ನು ಎಬ್ಬಿಸಬಹುದಿತ್ತು. ಅಡಕೆ ಸಸಿ ಫಲಕ್ಕೆ ಬರಲು ಐದಾರು ವರ್ಷ ಬೇಕು. ಮುಂದಿನ ಮಳೆಗಾಲಕ್ಕೆ ಭೂಮಿ ತನ್ನ ಕೈಯಲ್ಲಿ ಇರುವುದೋ ಇಲ್ಲವೋ ಎನ್ನುವವನು ಸಸಿ ನೆಡುವುದೆಂತು? ಕಾಡು ಕಡಿದು ತೋಟವಾಗಬೇಕಿದ್ದ ನೆಲವನ್ನು ಕಡಿಮೆ ಗೇಣಿಗೆ ಶಾಶ್ವತವಾಗಿ ಕೊಟ್ಟ ಒಡೆಯನದು ಔದಾರ್ಯಕ್ಕಿಂತ ಹೆಚ್ಚಾಗಿ ಲೆಕ್ಕಾಚಾರವೆಂದೇ ನನ್ನ ಅಭಿಪ್ರಾಯ.

ಮಲೆನಾಡಿನ ಗದ್ದೆಗಳಲ್ಲಿ ಕರಾರು ಬಹುಮಟ್ಟಿಗೆ ಬಾಯಿಮಾತಿನದು. ಆದ್ದರಿಂದ ಜಗಳ ಅಳತೆಯಲ್ಲಿ ಹುಟ್ಟುತ್ತಿತ್ತು. 1951ರ ಏಪ್ರಿಲ್‌ನಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ರೈತರು ಸತ್ಯಾಗ್ರಹಕ್ಕಿಳಿದಾಗ ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರವೇ ವಿವಾದದ ಕೇಂದ್ರವಾಗಿತ್ತು. ‘ಕಾನೂರು ಹೆಗ್ಗಡಿತಿ’ಯಲ್ಲಿ ಹೆಗ್ಗಡೆ ಮನೆತನಕ್ಕೂ ಅದರ ಒಕ್ಕಲುಗಳಿಗೂ ಇರುವ ಸಂಬಂಧವನ್ನು ಕೇವಲ ದರ್ಪ-ದೈನ್ಯಗಳ ಕಥೆಯಾಗಿ ಪಾಠ ಹೇಳುವ ನಾವು (ನಾನೂ ಹಲವು ವರ್ಷ ಹಾಗೆಯೇ ಹೇಳಿದ್ದೇನೆ) ಕೊಳಗ, ಸಾಲ, ಗೇಣಿಬಾಕಿಗಳ ಲೆಕ್ಕವನ್ನು ಬದಿಗಿಡುತ್ತೇವೆ.

1961ರ ಭೂಸುಧಾರಣಾ ಕಾಯ್ದೆಯ ತಿದ್ದುಪಡಿಯಿಂದ 1974ರ ಮಾರ್ಚ್ 1ರಂದು ಗೇಣಿ ಜಮೀನುಗಳು ಸರ್ಕಾರದಲ್ಲಿ ನಿಹಿತವಾದವು. ನಮೂನೆ 7ರಲ್ಲಿ ಅರ್ಜಿ ಸಲ್ಲಿಸಲು ಕೊನೆಗೆ 1979ರ ಜೂನ್ 30ರವರೆಗೆ ಅವಕಾಶ ದೊರೆಯಿತು. ‘ಡಿಕ್ಲರೇಷನ್ ಹಾಕುವುದು’ ಎಂಬ ಮಾತು ಮನೆಮಾತಾಯಿತು. ಬಾಯಿಮಾತಿನ ಗೇಣಿಯನ್ನು ಭೂನ್ಯಾಯಮಂಡಳಿಯ ಮುಂದೆ ಸಾಬೀತುಪಡಿಸಬೇಕಾದವನಿಗೆ ಒಂದು ಹಳೆಯ ಗೇಣಿಚೀಟಿ ಹೊಲದಷ್ಟೇ ಬೆಲೆಯುಳ್ಳದ್ದಾಗಿತ್ತು.

ಕೆಲವು ವಿನಾಯಿತಿಗಳ ಹೊರತು ಕೃಷಿಭೂಮಿಯನ್ನು ಗೇಣಿಗೆ ಕೊಡುವುದೇ ನಿಷಿದ್ಧವಾದ ಮೇಲೆ, ಬಾಡಿಗೆಯ ಆದಾಯ ಬಯಸುವವರ ಹಣ ಪೇಟೆಯ ಮನೆ-ಮಳಿಗೆಗಳತ್ತ ಹರಿದುದು ಸಹಜ. ಅಲ್ಲಿ ರೂಢಿಯಲ್ಲಿರುವುದು ಹನ್ನೊಂದು ತಿಂಗಳ ಕರಾರು. ಒಂದು ವರ್ಷವನ್ನು ಮೀರಿದ ಗುತ್ತಿಗೆಗೆ 1908ರ ನೋಂದಣಿ ಕಾಯ್ದೆಯಂತೆ ನೋಂದಣಿ ಕಡ್ಡಾಯ. ಆ ಕಾಗದವನ್ನು ನೋಡುವಾಗಲೆಲ್ಲ ನನಗೆ ಚಾಲಗೇಣಿಯ ನೆನಪಾಗುತ್ತದೆ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಮನೆಗಳ ಅಟ್ಟದಲ್ಲಿ ಹಳೆಯ ಪಂಚಾಂಗಗಳ ನಡುವೆ ಗೇಣಿಚೀಟಿಗಳು ಇನ್ನೂ ಉಳಿದಿರಬಹುದು. ಸಂಶೋಧನ ವಿದ್ಯಾರ್ಥಿಗಳು ಕಾದಂಬರಿಯ ಜೊತೆಗೆ ಅವನ್ನೂ ಓದಲಿ. ಗೆದ್ದಲು ಹಿಡಿಯುವ ಮುನ್ನ ಕನಿಷ್ಠ ಛಾಯಾಚಿತ್ರವನ್ನಾದರೂ ತೆಗೆದಿರಿಸಿಕೊಳ್ಳಲಿ.