ಗಂಗಿಮಾಳವ್ವನ ದೂರು

ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡ ಎಂದೊಡನೆ ಎಲ್ಲರಿಗೂ ನೆನಪಾಗುವುದು ಕಾರಣಿಕ. ದಸರೆಯ ದಿನಗಳಲ್ಲಿ ಉಪವಾಸವ್ರತದಲ್ಲಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ, ನೆರೆದ ಜನ ಸದ್ದಡಗಿ ನಿಂತಾಗ, ಒಂದೇ ಒಂದು ಮಾತು ನುಡಿದು ಕೆಳಕ್ಕೆ ಬೀಳುತ್ತಾನೆ. ಆ ನುಡಿ ಮಳೆಬೆಳೆಯನ್ನು ಕುರಿತದ್ದೋ, ರಾಜಕಾರಣವನ್ನು ಕುರಿತದ್ದೋ ಎಂಬ ಚರ್ಚೆ ಆಮೇಲೆ ಬಹಳ ದಿನ ನಡೆಯುತ್ತದೆ. ಹೀಗೆ ನುಡಿಯ ಒಳಗನ್ನು ಬಿಡಿಸುವ ರೂಢಿಯುಳ್ಳ ಈ ನೆಲೆಯ ದೈವದ ಪರಂಪರೆಯಲ್ಲಿ ಅಷ್ಟೇ ಎಚ್ಚರದಿಂದ ಬಿಡಿಸಬೇಕಾದ ಇನ್ನೊಂದು ಸಂಗತಿಯೂ ಇದೆ. ಅದು ಮೈಲಾರಲಿಂಗನ ಸಂಸಾರದ ಹಾಡುಗಳಲ್ಲಿ ಕೇಳಿಬರುವ ಹೆಣ್ಣಿನ ದೂರು.

ದೇವರಗುಡ್ಡದ ಮಾಲತೇಶ, ಹೂವಿನಹಡಗಲಿ ತಾಲ್ಲೂಕಿನ ಮೈಲಾರಲಿಂಗ, ಮಹಾರಾಷ್ಟ್ರದ ಜೇಜುರಿಯ ಖಂಡೋಬಾ, ಇವೆಲ್ಲ ಒಂದೇ ದೈವದ ಹೆಸರುಗಳು. ಮಣಿ, ಮಲ್ಲ ಎಂಬ ರಾಕ್ಷಸರನ್ನು ಕೊಂದ ವೀರನೆಂದು ಪುರಾಣ ಅವನನ್ನು ಕೊಂಡಾಡುತ್ತದೆ. ಕಂಬಳಿಯ ನಿಲುವಂಗಿ ತೊಟ್ಟು, ಡಮರುಗ ನುಡಿಸುತ್ತ, ಭಂಡಾರ ಹಚ್ಚುತ್ತ ಊರೂರು ತಿರುಗುವ ಗೊರವರು ಅವನ ಮಹಿಮೆಯನ್ನು ಹಾಡಿಕೊಂಡು ಬಂದಿದ್ದಾರೆ. ಆದರೆ ಜನಪದರು ಅವನನ್ನು ಬರೀ ವೀರನಾಗಿ ಉಳಿಸಲಿಲ್ಲ, ಇಬ್ಬರು ಹೆಂಡಿರ ಗಂಡನನ್ನಾಗಿಯೂ ಕಂಡರು. ಮೊದಲನೆಯವಳು ಗಂಗಿಮಾಳವ್ವ. ಎರಡನೆಯವಳು ಕುರುಬತ್ಯವ್ವ, ಹೆಸರೇ ಹೇಳುವಂತೆ ಕುರಿ ಕಾಯುವವರ ಮನೆಯ ಮಗಳು.

ಈ ಕಥೆಯ ವಿವರ ಹೆಚ್ಚು ಸ್ಪಷ್ಟವಾಗಿ ಸಿಗುವುದು ಮರಾಠಿ ಪರಂಪರೆಯಲ್ಲಿ. ಅಲ್ಲಿ ಮೊದಲ ಹೆಂಡತಿ ಮ್ಹಾಳಸಾ, ಲಿಂಗಾಯತ ವ್ಯಾಪಾರಿಯ ಮಗಳು. ಖಂಡೋಬಾ ಅವಳೊಡನೆ ಪಗಡೆಯಾಡಿ ಸೋತು ಹನ್ನೆರಡು ವರ್ಷ ಮನೆ ಬಿಡುತ್ತಾನೆ. ವೇಷ ಮರೆಸಿಕೊಂಡು ಧನಗರ ಹೆಣ್ಣು ಬಾಣಾಯಿಯ ತಂದೆಯ ಬಳಿ ಕುರಿ ಕಾಯುವ ಆಳಾಗಿ ಸೇರುತ್ತಾನೆ. ಕುರಿಗಳನ್ನು ಕೊಂದು, ಮಗಳನ್ನು ಕೊಡುವುದಾದರೆ ಬದುಕಿಸುವೆನೆಂದು ಹೇಳಿ, ಅವಳನ್ನು ಮದುವೆಯಾಗುತ್ತಾನೆ. ಅವಳನ್ನು ಕರೆತಂದಾಗ ಸವತಿಯರ ಜಗಳ ಹತ್ತುತ್ತದೆ. ಅಡುಗೆ, ಉಣಿಸು, ನಡೆನುಡಿ ಎಲ್ಲವೂ ಆ ಜಗಳಕ್ಕೆ ಕಾರಣ. ತೆಲಂಗಾಣದ ಕೊಮುರವೆಲ್ಲಿಯ ಮಲ್ಲನ್ನನಿಗೂ ಇಬ್ಬರು ಹೆಂಡಿರು: ಬಲಿಜರ ಮೇಡಲಮ್ಮ, ಗೊಲ್ಲರ ಕೇತಮ್ಮ. ಮೂರು ಭಾಷೆಗಳಲ್ಲಿ ಹೆಸರು ಬೇರೆಯಾದರೂ ಕಥೆಯ ಎಲುಬು ಒಂದೇ.

ವಿದ್ವಾಂಸರು ಇದಕ್ಕೆ ಒಂದು ಅರ್ಥ ಕೊಟ್ಟಿದ್ದಾರೆ. ಖಂಡೋಬಾ ಪಂಥವನ್ನು ದೀರ್ಘಕಾಲ ಅಧ್ಯಯನ ಮಾಡಿದ ಜರ್ಮನ್ ವಿದ್ವಾಂಸ ಗುಂಟರ್ ಸೋಂಥೈಮರ್ ಅವರು ದಖ್ಖನಿನ ದೈವಗಳಲ್ಲಿ ನೆಲೆನಿಂತ ಬದುಕು ಮತ್ತು ಕಾಡುಮೇಡಿನ ಬದುಕು ಎದುರಾಗಿ ಬೆರೆಯುವುದನ್ನು ಗುರುತಿಸಿದರು. ಮೊದಲ ಹೆಂಡತಿ ಊರು, ಪೇಟೆಗಳ ಪ್ರತಿನಿಧಿ. ಎರಡನೆಯವಳು ಹಟ್ಟಿ, ಹುಲ್ಲುಗಾವಲುಗಳ ಪ್ರತಿನಿಧಿ. ಇಬ್ಬರನ್ನೂ ವರಿಸಿದ ದೇವರು ಎರಡು ಸಮುದಾಯಗಳನ್ನು ಬೆಸೆದ. ಜೇಜುರಿಯಲ್ಲಿ ಮ್ಹಾಳಸಾ ಗುಡ್ಡದ ಮೇಲೆ ಗಂಡನ ಜೊತೆಗಿದ್ದರೆ, ಬಾಣಾಯಿಯ ಗುಡಿ ಏರುದಾರಿಯ ನಡುವೆ ಇದೆ. ಕೂಡಿದರೂ ಸರಿಸಮವಾಗದ ಸಮಾಜದ ಚಿತ್ರ ಅದರಲ್ಲಿ ಕಾಣುತ್ತದೆ.

ಈ ವಿವರಣೆ ಸರಿಯಾದುದೇ, ಆದರೆ ಸಾಲದು. ಸಮುದಾಯಗಳು ಬೆರೆತ ಸಂಗತಿ ನೆನಪಿಡಲು ಮದುವೆಯ ಹಾಡೊಂದೇ ಸಾಕಾಗುತ್ತಿತ್ತು. ಅದರ ಜೊತೆಗೆ ಮೊದಲ ಹೆಂಡತಿಯ ಸಿಟ್ಟು, ಸಂಕಟಗಳನ್ನು ಇಷ್ಟು ಕಾಲ ಹಾಡಿಕೊಂಡು ಬಂದದ್ದು ಏಕೆ? ಇದಕ್ಕೆ ಉತ್ತರ ಹುಡುಕಬೇಕಾದದ್ದು ಕೇಳುಗರ ಮನೆಗಳಲ್ಲಿ. ರಾಣೆಬೆನ್ನೂರು ಅಂದು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. ಹಿಂದೂ ಗಂಡಸು ಹೆಂಡತಿ ಇರುವಾಗಲೇ ಇನ್ನೊಬ್ಬಳನ್ನು ಕಟ್ಟಿಕೊಳ್ಳುವುದನ್ನು ಆ ಪ್ರಾಂತ್ಯದ ಕಾನೂನು ತಡೆದದ್ದು 1946ರಲ್ಲಿ. ದೇಶಕ್ಕೆಲ್ಲ ಅನ್ವಯಿಸುವ ಹಿಂದೂ ವಿವಾಹ ಕಾಯಿದೆ ಬಂದದ್ದು 1955ರಲ್ಲಿ. ಅಲ್ಲಿಯವರೆಗೆ ಅದು ಕಾನೂನಿನ ಕಣ್ಣಿಗೆ ತಪ್ಪಾಗಿರಲಿಲ್ಲ. ಅದು ದ್ರೋಹವೆಂದು ನಾಲ್ಕು ಜನರ ನಡುವೆ ಗಟ್ಟಿಯಾಗಿ ಹೇಳಲು ಹೆಣ್ಣಿಗೆ ಉಳಿದಿದ್ದ ಕೆಲವೇ ದಾರಿಗಳಲ್ಲಿ ಹಾಡು ಒಂದು. ದೇವಿಯ ಬಾಯಲ್ಲಿ ಬಂದ ದೂರನ್ನು ಯಾವ ಗಂಡನೂ, ಯಾವ ಅತ್ತೆಯೂ ಬೈದು ಬಾಯಿ ಮುಚ್ಚಿಸುವಂತಿರಲಿಲ್ಲ.

ಇಂಥ ಕಥೆಗಳಲ್ಲಿ ಕನ್ನಡದ ಎರಡು ಮಾತುಗಳನ್ನು ಬೇರೆಯಾಗಿಟ್ಟು ನೋಡಬೇಕು. ವೇಷ ಹಾಕಿಕೊಂಡು ಬಾಣಾಯಿಯನ್ನು ಗೆದ್ದದ್ದು ಮೋಸ. ಕೈಹಿಡಿದ ಮ್ಹಾಳಸಾಳಿಗೆ ಮಾಡಿದ್ದು ದ್ರೋಹ. ಮೋಸ ಪರಕೀಯನೂ ಮಾಡಬಲ್ಲ, ದ್ರೋಹ ನಂಬಿಸಿದವನಿಂದ ಮಾತ್ರ ಆಗುವಂಥದು. ಹಾಗೆ ನೋಡಿದರೆ ಇಬ್ಬರು ಹೆಂಗಸರೂ ನೊಂದವರೇ. ಆದರೂ ಜಗಳ ನಡೆಯುವುದು ಅವರಿಬ್ಬರ ನಡುವೆ. ಗಂಡ ದೇವರು, ಅವನನ್ನು ನೇರವಾಗಿ ಕಟಕಟೆಯಲ್ಲಿ ನಿಲ್ಲಿಸಲಾಗದು. ಸವತಿಯನ್ನು ಬೈಯುವ ಮಾತಿನ ಹಿಂದೆ ಗಂಡನನ್ನು ಕೇಳಲಾಗದ ಪ್ರಶ್ನೆ ಅಡಗಿದೆ ಎಂದು ತಿಳಿದಾಗಲೇ ಇಂಥ ಹಾಡುಗಳ ಅರ್ಥ ತೆರೆಯುತ್ತದೆ.

ಇದು ಮೈಲಾರನೊಬ್ಬನ ಮಾತಲ್ಲ. ಮೈಸೂರು ಸೀಮೆಯ ಜನಪದ ಕಾವ್ಯದಲ್ಲಿ ನಂಜನಗೂಡಿನ ನಂಜುಂಡ ಬೆಟ್ಟದ ಚಾಮುಂಡಿಗೆ ಮನಸೋತಾಗ ಮನೆಯ ಹೆಂಡತಿ ದೇವೀರಿಗೂ ಇದೇ ಸಂಕಟ. ಹಲಸಂಗಿ ಗೆಳೆಯರು 1931ರಲ್ಲಿ ಹೊರತಂದ ‘ಗರತಿಯ ಹಾಡು’ ಇಂಥ ನೋವಿಗೆ ಹೆಣ್ಣುಮಕ್ಕಳದೇ ದನಿ ಇರುವುದನ್ನು ಓದುಬಲ್ಲವರ ಲೋಕಕ್ಕೆ ತೋರಿಸಿತು. ಗೊರವರು ಗಂಡಸರು, ಗುಡಿಯ ಮುಂದೆ ಹಾಡುವವರು. ಗರತಿಯರು ಬೀಸುವ ಕಲ್ಲಿನ ಮುಂದೆ ಹಾಡಿದವರು. ಹಾಡುವವರು ಯಾರು, ಕೇಳುವವರು ಯಾರು ಎಂಬುದರ ಮೇಲೆ ಅರ್ಥದ ತೂಕ ಬದಲಾಗುತ್ತದೆ.

ಕಾರಣಿಕದ ನುಡಿ ಮುಂದಿನ ವರ್ಷದ ಮಾತು ಹೇಳುತ್ತದೆಂದು ಜನ ನಂಬುತ್ತಾರೆ. ಗಂಗಿಮಾಳವ್ವನ ದೂರು ಹಿಂದಿನ ಮಾತನ್ನು ಹೇಳುತ್ತದೆ; ಯಾವ ದಫ್ತರದಲ್ಲೂ ದಾಖಲಾಗದ ಮಾತನ್ನು. ಕಾನೂನು ಬಂದ ಮೇಲೂ ಆ ದೂರು ಹಳತಾಗಿಲ್ಲ. ನಂಬಿಕೆ ಮುರಿದಾಗ ಆಗುವ ನೋವಿಗೆ ಕಾಯಿದೆ ದಂಡ ಹಾಕಬಹುದು, ಮಾತು ಕೊಡಲಾರದು. ಆ ಕೆಲಸವನ್ನು ಹಾಡು ಮಾಡಿಕೊಂಡು ಬಂದಿದೆ.